ತಿರುಗಿಸಿ ತೂಗಿದ ಕೆ

ಸಾನ್ ಪೆದ್ರೊ ದೆ ಮಾಕೊರಿಸ್
18 ನವೆಂಬರ್ 2012, ಭಾನುವಾರ

ಪ್ರೀತಿಯ ಭಾವ ಪೋಲ್ದೊ,

ನಿನ್ನ ಮಿಲೊ ಇನ್ನೂ ಬದುಕಿದ್ದಾನೆ. ನಾಲ್ಕು ತಿಂಗಳಿಂದ ಒಂದು ಸಾಲೂ ಬರೆದಿಲ್ಲ, ನೀನು ಕೊನ್‌ಸ್ತಾಂಸಾದ ಗುಡ್ಡದ ಮೇಲೆ ಬೆಳ್ಳುಳ್ಳಿ ಮಡಿಗಳ ಪಕ್ಕ ಕುರ್ಚಿ ಹಾಕಿಕೊಂಡು ನನ್ನನ್ನು ಬೈಯುತ್ತಿರುತ್ತೀಯ ಅಂತ ಗೊತ್ತು. ತಪ್ಪಾಯಿತು. ಕಾರಣ ಕೇಳಿದರೆ ಹತ್ತು ಹೇಳಬಲ್ಲೆ, ಹತ್ತೂ ಸುಳ್ಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟರೆ ಏಣಿ ಹೊತ್ತಷ್ಟು ಭಾರ.

ಇದನ್ನು ಓದಿ ಹೇಳುತ್ತಿರುವುದು ನನ್ನ ತಂಗಿ ತಾನೆ? ನೋರಿ, ನಿನ್ನನ್ನು ಗೇಲಿ ಮಾಡಿದ ಸಾಲು ಬಂದರೆ ಹಾರಿಸಬೇಡ. ಹೋದ ವರ್ಷ ಬಂದಿದ್ದಾಗ ಕಂಡುಹಿಡಿದೆ, ನೀನು ಹಾರಿಸುತ್ತೀಯ. ಸಕ್ಕರೆ ಕಾಯಿಲೆ ನಿನ್ನ ಗಂಡನ ಕಣ್ಣು ತಿಂದಿರಬಹುದು, ಕಿವಿ ತಿಂದಿಲ್ಲ. ನಿನ್ನ ದನಿ ಒಂದು ಗಳಿಗೆ ನಿಂತರೂ ಅವನಿಗೆ ಗೊತ್ತಾಗುತ್ತದೆ.

ಫೋನ್ ಮಾಡಬಾರದಾ ಅಂತೀಯ. ಮಾಡಿದರೆ ಏನಾಗುತ್ತದೆ? ನಾನೊಂದು ಜೋಕು ಹೇಳುತ್ತೇನೆ, ನೀನು ನಗುತ್ತೀಯ, ಇಟ್ಟುಬಿಡುತ್ತೇವೆ. ಇಪ್ಪತ್ತಾರು ವರ್ಷದಿಂದ ಇದೇ ನಡೆದಿದೆ. ಕಾಗದದಲ್ಲಾದರೆ ನೀನು ನಕ್ಕದ್ದು ನನಗೆ ಕೇಳಿಸುವುದಿಲ್ಲ, ಮುಂದಿನ ಸಾಲು ಬರೆಯಲೇಬೇಕು.

ಸುದ್ದಿ ಏನೆಂದರೆ ನಮ್ಮ ಬೇಸ್‌ಬಾಲ್ ಮೈದಾನದ ಸ್ಕೋರ್ ಹಲಗೆಯನ್ನು ಕೀಳುತ್ತಿದ್ದಾರೆ. ಹೌದು, ನಾನು ಹೊಟ್ಟೆಯೊಳಗೆ ಕೂತು ಅಂಕಿ ತೂಗುಹಾಕುವ ಆ ಮರದ ಹಲಗೆಯನ್ನೇ. ಅದರ ಜಾಗಕ್ಕೆ ದೀಪದ ಬೋರ್ಡು ಬರುತ್ತದಂತೆ, ಒಂದು ಗುಂಡಿ ಒತ್ತಿದರೆ ಎಲ್ಲ ತಾನೇ ತೋರಿಸುತ್ತದಂತೆ. ನಾನು ಕೇಳಿದೆ, "ಅದು ಮಧ್ಯಾಹ್ನ ಊಟ ಮಾಡುತ್ತಾ?" "ಇಲ್ಲ." "ಉಚ್ಚೆಗೆ ಹೋಗುತ್ತಾ?" "ಇಲ್ಲ." "ಹಾಗಾದ್ರೆ ನನಗಿಂತ ಒಳ್ಳೆ ಕೆಲಸಗಾರ ಬಿಡಿ" ಅಂದೆ. ಎಲ್ಲರೂ ನಕ್ಕರು. ನನ್ನನ್ನು ಗೇಟಿನ ಹತ್ತಿರ ಟಿಕೆಟ್ ಹರಿಯಲು ನಿಲ್ಲಿಸುತ್ತಾರೆ.

ಇನ್ನೊಂದು ಸುದ್ದಿ ಕೇಳು. ಹೋದ ಭಾನುವಾರ ರಾಜಧಾನಿಯವರ ಜೊತೆ ಆಟ. ಎರಡೂ ಕಡೆ ಸೇರಿ ಎಷ್ಟು ಪೊಂಚೆ ಹೇಳು? ಇಪ್ಪತ್ಮೂರು! ಇಪ್ಪತ್ಮೂರು ಸಲ ಬ್ಯಾಟಿನವರು ಮೂರು ಮೂರು ಚೆಂಡು ಹೊಡೆಯಲಾಗದೆ ಔಟಾಗಿ ಹೆಗಲ ಮೇಲೆ ಬ್ಯಾಟು ಇಟ್ಟುಕೊಂಡು ವಾಪಸ್ ಹೋದರು. ಒಂದೊಂದು ಪೊಂಚೆಗೂ ನಾನು ಗೋಡೆಗೆ ಒಂದೊಂದು ಇಂಗ್ಲಿಷ್ 'ಕೆ' ಅಕ್ಷರ ತೂಗುಹಾಕಬೇಕಲ್ಲ, ನನ್ನ ಹತ್ತಿರ ಇರುವ 'ಕೆ' ಹಲಗೆಗಳು ಹದಿನೆಂಟೇ. ಕೆಳಗೆ ಯಾನಿಕೆಕೆ ರೊಟ್ಟಿ ಕರಿಯುವ ಎಲಿಹಿಯಾಳ ಹಿಟ್ಟಿನ ಡಬ್ಬದ ಮುಚ್ಚಳ, ತಟ್ಟೆ, ಅವಳು ಕೂರುವ ಮಣೆ ಎಲ್ಲ ತಂದು ಇದ್ದಿಲಲ್ಲಿ 'ಕೆ' ಬರೆದೆ.

"ಲೋ ಮಿಲೊ, ನನ್ನ ಮುಚ್ಚಳ ಕೊಡೋ, ಹಿಟ್ಟಿಗೆ ನೊಣ ಬೀಳ್ತಿದೆ!" ಅಂತ ಕೆಳಗಿನಿಂದ ಕಿರುಚಿದಳು.

"ಇನ್ನೊಬ್ಬ ಪೊಂಚೆ ಆದ್ರೆ ನಿನ್ನ ಬಾಣಲೇನೂ ಬೇಕಾಗುತ್ತೆ, ಎಣ್ಣೆ ಚೆಲ್ಲಿ ರೆಡಿ ಇಟ್ಕೋ" ಅಂದೆ.

ನಮ್ಮ ಕಾಲದಲ್ಲಿ ಹೀಗಿತ್ತಾ? ಒಂದು ಆಟಕ್ಕೆ ಐದಾರು 'ಕೆ' ಬಿದ್ದರೆ ಹೆಚ್ಚು. ಪೊಂಚೆ ಆದವನು ಎರಡು ದಿನ ಕ್ಷೌರದಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ನಮ್ಮಪ್ಪನ ಕಾಲದಲ್ಲಿ, ಸಕ್ಕರೆ ಗಿರಣಿಯ ತಂಡಗಳಲ್ಲಿ, ಇನ್ನೂ ಕಡಿಮೆ. ಇಡೀ ಕಬ್ಬಿನ ಸುಗ್ಗಿಯಲ್ಲಿ ನಾಲ್ಕು ಸಲ ಪೊಂಚೆ ಆದ ಒಬ್ಬನಿಗೆ ಸಾಯುವವರೆಗೂ 'ನಾಲ್ಕು' ಅಂತಲೇ ಹೆಸರಿತ್ತು. ಅದಕ್ಕೂ ಬಹಳ ಹಿಂದೆ, ಉತ್ತರದ ಗ್ರಿಂಗೊಗಳು, ಅದೇ ಅಮೆರಿಕದವರು, ಆಟ ಶುರುಮಾಡಿದ ಕಾಲದಲ್ಲಿ, ಚೆಂಡು ಎತ್ತರಕ್ಕೆ ಬೇಕೋ ತಗ್ಗಿಗೆ ಬೇಕೋ ಅಂತ ಬ್ಯಾಟು ಹಿಡಿದವನೇ ಹೇಳಬಹುದಿತ್ತಂತೆ, ಕ್ಷೌರದವನಿಗೆ ಮೀಸೆ ಹೇಗೆ ಬೇಕು ಅಂತ ಹೇಳಿದ ಹಾಗೆ. ಅಂಥ ಕಾಲದಲ್ಲೂ ಪೊಂಚೆ ಆದವನು ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುತ್ತಿದ್ದನೋ!

ಈಗ ಅದೇ ಭಾನುವಾರ ಮೂರು ಸಲ ಪೊಂಚೆ ಆದ ನಮ್ಮ ತಂಡದವನೊಬ್ಬ ಆಟ ಮುಗಿದ ಮೇಲೆ ಎಲಿಹಿಯಾಳ ಹತ್ತಿರ ರೊಟ್ಟಿ ತಿನ್ನುತ್ತಾ ನಿಂತಿದ್ದ. "ಬೇಜಾರ್ ಮಾಡ್ಕೋಬೇಡಪ್ಪ" ಅಂದೆ. ಅವನು ನನ್ನನ್ನು ಯಾವುದೋ ಭಾಷೆಯವನು ಅನ್ನುವ ಹಾಗೆ ನೋಡಿದ. "ಯಾಕ್ ಬೇಜಾರು ಚಿಕ್ಕಪ್ಪ? ಪೊಂಚೆನೂ ಒಂದು ಔಟು, ಬೇರೆ ಔಟ್ ಥರಾನೇ. ಮೂರು ಸಲ ಹೋದ್ರೆ ನಾಲ್ಕನೇ ಸಲ ಗೋಡೆ ದಾಟಿಸ್ತೀನಿ. ಅಲ್ಲೂ ಈಗ ಅದನ್ನೇ ಕೇಳೋದು." ಅವನಿಗೆ ಬರುವ ಮಾರ್ಚಿಗೆ ಅಮೆರಿಕಕ್ಕೆ ಕರೆ ಬಂದಿದೆ.

ನಾನು ಹಲಗೆಯೊಳಗೆ ವಾಪಸ್ ಹೋಗಿ ಕೂತೆ. ನಿನ್ನ ಮೂರು ಪೊಂಚೆ ನೆನಪಾಯಿತು.

ಡಿಸೆಂಬರ್ 23, ಭಾನುವಾರ ಮಧ್ಯಾಹ್ನ, ಆ ಹಲಗೆಯ ಕೊನೆಯ ಆಟ. ಹಳೇ ಆಟಗಾರರನ್ನೆಲ್ಲ ಕರೆದು ಮೈದಾನದಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಯುತ್ತಾರೆ. ಪಟ್ಟಿಯಲ್ಲಿ ನಿನ್ನ ಹೆಸರಿದೆ, ನಾನೇ ಬರೆಸಿದೆ. ಬಾ ಪೋಲ್ದೊ. ಆ ಗೇಟು ದಾಟಿ ಇಪ್ಪತ್ತಾರು ವರ್ಷ ಆಯಿತು. ನೋರಿ ನಿನ್ನ ಬಲಗೈ ಹಿಡಿಯಲಿ, ಎಡಗೈ ನಾನು ಹಿಡಿಯುತ್ತೇನೆ. ಆ ಹಲಗೆಯ ಹಿಂದೆ ನಿನ್ನನ್ನು ಕೂರಿಸಿ ಒಂದು ಮಾತು ಹೇಳಬೇಕಾಗಿದೆ. ಜೋಕಲ್ಲ.

ನಿಮ್ಮಿಬ್ಬರನ್ನೂ ಅಪ್ಪುವ,
ಮಿಲೊ

* * *

ಸಾನ್ ಪೆದ್ರೊ
9 ಡಿಸೆಂಬರ್ 2012

ಪೋಲ್ದೊ,

ನೋರಿಯ ಕೈಯಲ್ಲಿ ನೀನು ಬರೆಸಿದ ಉತ್ತರ ಬಂತು. ಮೊದಲ ಸಲ ನಿಂತು ಓದಿದೆ, ಎರಡನೇ ಸಲ ಕೂತು ಓದಿದೆ. ಎಲಿಹಿಯಾ ನೋಡಿ, "ಯಾರಾದ್ರೂ ಹೋಗ್ಬಿಟ್ರಾ?" ಅಂದಳು. "ಇಲ್ಲ, ಬರಲ್ಲ ಅಂದ" ಅಂದೆ. "ಅಷ್ಟಕ್ಕೆ ಆ ಮುಖಾನ? ನಿನ್ನ ಜೋಕ್ ತಪ್ಪಿಸ್ಕೊಳ್ಳೋಕೆ ಬುದ್ಧಿ ಇರೋರು ಯಾರು ತಾನೇ ಬರ್ತಾರೆ" ಅಂದಳು. ನಗಬೇಕಿತ್ತು, ನಗು ಬರಲಿಲ್ಲ.

ನೀನು ಬರೆಸಿದ್ದೀಯ: "ಕಣ್ಣಿದ್ದಾಗಲೇ ಆ ಹಲಗೆ ನನಗೆ ಸರಿಯಾಗಿ ಕಾಣ್ಲಿಲ್ಲ. ಈಗ ಕುರುಡ ಬಂದು ಅಲ್ಲೇನು ನೋಡ್ಲಿ?"

ಆಮೇಲೆ ಇನ್ನೊಂದು: "ದೊಡ್ಡಾಸ್ಪತ್ರೆ ಡಾಕ್ಟ್ರು ಕಣ್ಣು ಯಾವಾಗಿಂದ ಮಂದ ಅಂತ ಕೇಳಿದ್ರು. ಇಪ್ಪತ್ಮೂರು ವಯಸ್ಸಿಂದ ಅಂದೆ. ಮೊದಲು ಕಂಡುಹಿಡಿದಿದ್ದು ಯಾವ ಡಾಕ್ಟ್ರು ಅಂದ್ರು. ಡಾಕ್ಟ್ರಲ್ಲ ಸ್ವಾಮಿ, ನನ್ನ ಭಾವಮೈದ, ಸ್ಕೋರ್ ಹಲಗೆಯವನು ಅಂದೆ. ಅವರು ನಕ್ಕಿದ್ದೇ ನಕ್ಕಿದ್ದು. ಮಿಲೊ, ನಿನ್ನ ಜೋಕಿಗೆ ಈಗ ಆಸ್ಪತ್ರೆಯಲ್ಲೂ ನಗ್ತಾರೆ ನೋಡು."

ಪೋಲ್ದೊ, ಆ ಸಾಲು ಓದಿಯೇ ಪೆನ್ನು ಎತ್ತಿಕೊಂಡೆ.

ಆ ದಿನವನ್ನು ನಾನು ಒಂದು ಸಲ ಸರಿಯಾಗಿ ಬರೆಯುತ್ತೇನೆ, ನೋರಿ ಓದಲಿ. ನಮ್ಮ ಮೂವರಿಗೂ ಗೊತ್ತಿರುವುದೇ. ಆದರೂ ಬರೆಯುತ್ತೇನೆ.

ಜನವರಿ 1986. ಸೀಬೆಹಣ್ಣಿನ ವಾಸನೆಯ ಮಧ್ಯಾಹ್ನ, ಗಿರಣಿಯ ಬೂದಿ ಎಲ್ಲರ ಅಂಗಿಯ ಮೇಲೆ. ಆಟಗಾರರನ್ನು ಆರಿಸಲು ಅಮೆರಿಕದ ತಂಡದಿಂದ ಬಂದಿದ್ದವನು ಹುಲ್ಲಿನ ಟೋಪಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದ. ಅವನು ನೋಡಲು ಬಂದದ್ದು ನಿನ್ನೊಬ್ಬನನ್ನೇ. ಹಿಂದಿನ ದಿನ ನೀನು ನಮ್ಮ ಮನೆಗೆ ಬಂದು, ನೋರಿ ಕೊಟ್ಟ ಕಾಫಿ ಕುಡಿಯದೆ, ನನ್ನನ್ನು ಹಿತ್ತಲಿಗೆ ಕರೆದೆ. "ಒಂದೇ ಒಂದು ದಿನ ಮಿಲೊ. ನಾಳೆ ಒಂದೇ ದಿನ. ಯಾವ ಚೆಂಡು ಬರುತ್ತೆ ಅಂತ ಹಲಗೆಯಿಂದ ಸನ್ನೆ ಮಾಡು ಕಣೋ" ಅಂದೆ.

ಆ ಕೆಲಸ ಬೇರೆ ಹಲಗೆಯವರೂ ಮಾಡುತ್ತಿದ್ದರು ಅಂತ ಎಲ್ಲರಿಗೂ ಗೊತ್ತಿತ್ತು. ನಾನು ಹಲಗೆಯೊಳಗೆ ದುರ್ಬೀನು ಹಿಡಿದು ಕೂರುವುದು. ಕುಕ್ಕರುಗಾಲಲ್ಲಿ ಕೂತ ಎದುರು ತಂಡದ ಕ್ಯಾಚರ್ ಚೆಂಡು ಎಸೆಯುವವನಿಗೆ ತೊಡೆಯ ನಡುವೆ ಬೆರಳು ತೋರಿಸುತ್ತಾನಲ್ಲ, ಒಂದು ಬೆರಳಾದರೆ ನೇರದ ಬಿರುಸು ಚೆಂಡು, ಎರಡಾದರೆ ಬಾಗುವ ಚೆಂಡು. ನೇರ ಅಂದರೆ ಅಂಕಿ ತೂಗುವ ಒಂಬತ್ತನೇ ಕಿಟಕಿ ಮುಚ್ಚಿರಬೇಕು. ಬಾಗುವುದು ಅಂದರೆ ತೆರೆಯಬೇಕು. ಬ್ಯಾಟು ಎತ್ತಿ ನಿಂತ ನಿನಗೆ ಚೆಂಡು ಎಸೆಯುವವನ ತಲೆಯ ಮೇಲೇ ಆ ಕಿಟಕಿ ಕಾಣುತ್ತಿತ್ತು.

ಮೂರು ಸಲ ನೀನು ಬ್ಯಾಟು ಹಿಡಿದೆ. ಮೂರು ಸಲವೂ ನಮ್ಮವನೊಬ್ಬ ಎಸೆಯುವವನ ಬೆನ್ನ ಹಿಂದೆ, ಎರಡನೇ ಗೂಟದಲ್ಲಿ, ಓಟ ಮುಗಿಸಲು ಕಾಯುತ್ತಿದ್ದ. ಮೂರು ಸಲವೂ ಪೊಂಚೆ. ಮೊದಲ ಎರಡರಲ್ಲಿ ಬ್ಯಾಟು ಬೀಸಿ ಗಾಳಿ ಹೊಡೆದೆ. ಮೂರನೆಯದರಲ್ಲಿ ಬೀಸಲೇ ಇಲ್ಲ. ನೇರ ಚೆಂಡು ನಡುಮಧ್ಯೆ ನುಗ್ಗಿ ಹೋಯಿತು, ನೀನು ಫೋಟೋಗೆ ನಿಂತವನ ಹಾಗೆ ನಿಂತಿದ್ದೆ. ನಿಂತಲ್ಲೇ ಪೊಂಚೆ ಆದವನಿಗೆ 'ಕೆ'ಯನ್ನು ತಿರುಗಿಸಿ ತೂಗುವುದು ಪದ್ಧತಿ, ನಿನಗೆ ಗೊತ್ತು. ಎರಡು ನೆಟ್ಟಗೆ, ಒಂದು ಬೆನ್ನು ತಿರುಗಿಸಿ. ಮೂರನ್ನೂ ತೂಗಿದ್ದು ಇದೇ ಕೈ. ಇಡೀ ಊರು ಶಿಳ್ಳೆ ಹಾಕಿತು.

ಆಟ ಮುಗಿದದ್ದೇ ನೀನು ಬೂಟು ಕೂಡ ಬಿಚ್ಚದೆ ಹಲಗೆಯ ಹಿಂದಕ್ಕೆ ಓಡಿ ಬಂದೆ. ಅಲ್ಲಿ ಆರೇಳು ಜನ ಇದ್ದರು. ನೀನು ಕೇಳಿದೆ. ನಾನು ಹೇಳಿದೆ. ನೀನು ಬೂಟಿನ ತುದಿ ನೋಡಿಕೊಂಡು ವಾಪಸ್ ಹೋದೆ.

ಇಷ್ಟೇ. ಇದಕ್ಕಿಂತ ಮುಂದೆ ಪೆನ್ನು ಹೋಗುತ್ತಿಲ್ಲ. ನೀನು ಬಂದರೆ ಬಾಯಲ್ಲಿ ಹೇಳುತ್ತೇನೆ. ಇನ್ನೊಂದು ಸಲ ಯೋಚಿಸು. ಚಪ್ಪಾಳೆಗಲ್ಲ, ನನಗೋಸ್ಕರ ಬಾ.

ಮಿಲೊ

* * *

ಸಾನ್ ಪೆದ್ರೊ
26 ಡಿಸೆಂಬರ್ 2012

ಪ್ರೀತಿಯ ಪೋಲ್ದೊ, ನೋರಿ,

ಹಬ್ಬ ಚೆನ್ನಾಗಿ ಆಯಿತಾ? ನೀವು ಕಳಿಸಿದ ಬೆಳ್ಳುಳ್ಳಿ ಗೊಂಚಲು ಬಂತು. ಎಲಿಹಿಯಾ ಅರ್ಧ ಕಿತ್ತುಕೊಂಡು ಹಂದಿಮಾಂಸಕ್ಕೆ ಹಾಕಿದಳು, ನನಗೆ ಕಾಲು ಕೊಟ್ಟಳು. "ಕಾಲು ಭಾಗವೇ?" ಅಂದೆ. "ಅಲ್ಲ, ಹಂದಿ ಕಾಲು" ಅಂದಳು. ತಿಂದೆ. ರುಚಿ ಗೊತ್ತಾಗಲಿಲ್ಲ.

ನೀನು ಬರಲಿಲ್ಲ. ಕಾಗದಕ್ಕೆ ಉತ್ತರವೂ ಇಲ್ಲ. ನೋರಿ ಮಾತ್ರ ಫೋನ್ ಮಾಡಿ, "ಅವರು ಬರಲ್ಲ ಕಣಣ್ಣ, ಬಲವಂತ ಮಾಡ್ಬೇಡ. ಆ ದಿನದ ಮಾತೆತ್ತಿದ್ರೆ ಎರಡು ದಿನ ಅನ್ನ ಮುಟ್ಟಲ್ಲ" ಅಂದಳು.

ಆದರೂ ನಾನು ನಿನ್ನ ದಾರಿ ನೋಡಿದೆ. ಹಲಗೆಯ ಕಿಟಕಿಯಿಂದ ಗೇಟಿನ ಕಡೆ ದುರ್ಬೀನು ಹಿಡಿದು ಕೂತಿದ್ದೆ. ಮೂರನೇ ಸರದಿಯಲ್ಲಿ ಒಬ್ಬ ಹೆಂಗಸು ಕಪ್ಪು ಕನ್ನಡಕದ ಗಂಡಸೊಬ್ಬನ ಕೈ ಹಿಡಿದು ಬಂದಳು. ಎದ್ದು ನಿಂತ ರಭಸಕ್ಕೆ ತಲೆ ತೊಲೆಗೆ ಬಡಿಯಿತು. ಅವನು ಕನ್ನಡಕ ತೆಗೆದು ಒರೆಸಿಕೊಂಡು ಸೀಟಿನ ನಂಬರು ಓದಿದ. ನೀನಲ್ಲ.

ಹಳೇ ಆಟಗಾರರು ಹನ್ನೊಂದು ಜನ ಬಂದಿದ್ದರು. ಒಬ್ಬನಿಗೆ ಮಂಡಿ ಇಲ್ಲ, ಒಬ್ಬನಿಗೆ ಹಲ್ಲಿಲ್ಲ, ಹೊಟ್ಟೆ ಮಾತ್ರ ಎಲ್ಲರಿಗೂ ಇದೆ. ಹೆಸರು ಕೂಗಿದರು. ನಿನ್ನ ಹೆಸರನ್ನೂ ಕೂಗಿದರು. ಯಾರೂ ಎದ್ದು ಬರಲಿಲ್ಲ. ಹಲಗೆಯ ಕೆಳಗಿನ ಸಾಲಲ್ಲಿ ಒಬ್ಬ ಮುದುಕ, "ಯಾರು, ಆ ಮೂರು ಪೊಂಚೆ ಪೋಲ್ದೊನಾ?" ಅಂದ. ಪಕ್ಕದವನು, "ಮೂರಾ? ಅಷ್ಟೇನಾ? ಅವನ್ಯಾಕೆ ಆಟ ಬಿಟ್ಟ ಹಾಗಾದ್ರೆ?" ಅಂದ. ಪೋಲ್ದೊ, ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು.

ಆ ದಿನ ಇಪ್ಪತ್ತೊಂದು ಪೊಂಚೆ ಆದವು. ಕೊನೆಯವನು ನಿಂತಲ್ಲೇ ಆದ. ನಾನು 'ಕೆ' ತಿರುಗಿಸಿ ತೂಗಿದೆ. ಜನ ಚಪ್ಪಾಳೆ ತಟ್ಟಿದರು, ಅವನೂ ನಕ್ಕು ಟೋಪಿ ಎತ್ತಿದ. ಸೋಮವಾರ ಬೆಳಿಗ್ಗೆ ಹಲಗೆಯನ್ನು ಸುತ್ತಿಗೆಯಲ್ಲಿ ಒಡೆದರು. ಗೆದ್ದಲು ತಿಂದಿತ್ತು, ಬಿಸ್ಕತ್ತಿನ ಹಾಗೆ ಮುರಿಯಿತು. ಮೇಸ್ತ್ರಿ ನನ್ನನ್ನು ನೋಡಿ, "ಅಳ್ಬೇಡಜ್ಜ, ಕಟ್ಟಿಗೆ ಬೇಕಾದ್ರೆ ತಗೊಂಡೋಗು" ಅಂದ. ಅಜ್ಜ! ಐವತ್ತು ವರ್ಷಕ್ಕೆ! ನಾನು ಅವನಿಗೆ ಒಂದು ಜೋಕು ಹೇಳಬೇಕಿತ್ತು, ಬಾಯಿ ತೆರೆದೆ, ಏನೂ ಬರಲಿಲ್ಲ. ಇಷ್ಟು ವರ್ಷದಲ್ಲಿ ಅದೇ ಮೊದಲು.

ಒಂಬತ್ತನೇ ಕಿಟಕಿಯ ಬಾಗಿಲನ್ನು ಮಾತ್ರ ಕೇಳಿ ತಂದೆ. ನನ್ನ ಮಂಚದ ಕೆಳಗಿದೆ.

ನಿಮ್ಮ ಮಡಿಗಳಿಗೆ ಮಂಜು ಬೀಳದಿರಲಿ. ನೋರಿಯ ಮೊಣಕೈ ನೋವು ಹೋಗಲಿ. ಅಲ್ತಾಗ್ರಾಸಿಯಾ ಮಾತೆ ನಿಮ್ಮ ಮನೆಯ ಹೊಸಿಲು ಕಾಯಲಿ. ನನ್ನನ್ನು ಕಾಯುವುದು ಬೇಡ, ಅವಳಿಗೆ ಬೇರೆ ಕೆಲಸ ಇದೆ.

ನಿಮ್ಮ,
ಮಿಲೊ

ಮರೆತ ಮಾತು: ಮರೆತದ್ದಲ್ಲ. ನೋರಿ, ಇಲ್ಲಿಂದ ಮುಂದೆ ನಿಲ್ಲಿಸಬೇಡ. ಒಳಗೊಳಗೇ ಮೊದಲು ಓದಿ ನೋಡಬೇಡ. ದನಿ ಏನೇ ಆಗಲಿ, ಗಟ್ಟಿಯಾಗಿ ಓದು. ಹೋದ ವರ್ಷ ಮೂರು ದಿನ ಅವನ ಪಕ್ಕ ಕೂತಿದ್ದೆ, ಬಾಯಿ ತೆರೆದಾಗಲೆಲ್ಲ ಜೋಕು ಬಂತು. ನನ್ನ ಬಾಯಿಗೆ ಆಗದ್ದನ್ನು ನಿನ್ನ ಬಾಯಿಗೆ ಕೊಡುತ್ತಿದ್ದೇನೆ. ಇದು ನನ್ನ ಎರಡನೇ ಅನ್ಯಾಯ, ಗೊತ್ತು.

ಪೋಲ್ದೊ, ಎರಡನೇ ಗೂಟದಲ್ಲಿ ಓಟಗಾರ ನಿಂತಿದ್ದರೆ ಅವನಿಗೂ ಬೆರಳು ಕಾಣುತ್ತದೆ ಅಂತ ಕ್ಯಾಚರ್ ಲೆಕ್ಕ ಬದಲಾಯಿಸುತ್ತಾನೆ. ನಾಲ್ಕು ಸಲ ಬೆರಳು ತೋರಿಸಿ, ಅದರಲ್ಲಿ ಎರಡನೆಯದು ಮಾತ್ರ ನಿಜ ಅಂತ ಒಪ್ಪಂದ ಮಾಡಿಕೊಂಡಿರುತ್ತಾನೆ. ಆಡಿದವರಿಗೆಲ್ಲ ಗೊತ್ತಿರುವ ವಿಷಯ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ನಿನಗೆ ಹೇಳಲು ನಾಚಿಕೆ. ನಾನು ಮೊದಲ ಬೆರಳುಗಳನ್ನೇ ನಂಬಿದೆ. ಎರಡು ಕಂಡೆ, ಬಾಗುವ ಚೆಂಡು ಅಂತ ಕಿಟಕಿ ತೆರೆದೆ. ನೇರ ಬಂತು. ಎರಡನೇ ಸಲ ಅನುಮಾನ ಬಂತು, ಆದರೂ ತೆರೆದೆ, ಮತ್ತೆ ನೇರ ಬಂತು. ಮೂರನೇ ಸಲ, ಇನ್ನಾದರೂ ಸರಿಹೋಗುತ್ತದೆ ಅಂತ ಮತ್ತೆ ತೆರೆದೆ.

ನೀನು ಓಡಿ ಬಂದು ಕೇಳಿದೆ, "ಕಿಟಕಿ ತೆರೆದಿತ್ತಲ್ವೇನೋ?" ಸುತ್ತ ಜನ ನಿಂತಿದ್ದರು. ಬೆರಳು ಎಣಿಸಲೂ ಬಾರದ ಕತ್ತೆ ಅನ್ನುತ್ತಾರೆ ಅಂತ ಹೆದರಿಕೆಯಾಯಿತು. "ಮುಚ್ಚಿತ್ತು ಮಾರಾಯ! ಮೂರು ಸಲಾನೂ ಮುಚ್ಚಿತ್ತು. ನಿನ್ನ ಕಣ್ಣಿಗೇನು ಗಿರಣಿ ಬೂದಿ ಬಿದ್ದಿದೆಯಾ? ನಮ್ಮಜ್ಜಿ ಕನ್ನಡಕ ತಂದ್ಕೊಡ್ಲಾ?" ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ನಗು ನನಗೆ ಇನ್ಯಾವತ್ತೂ ಸಿಕ್ಕಿಲ್ಲ.

ಮೂರು ದಿನ ಬಿಟ್ಟು ಹುಲ್ಲಿನ ಟೋಪಿಯವನು ನಿನ್ನ ಮನೆಗೇ ಬಂದ. "ಮೂರು ಪೊಂಚೆಗೆ ತಲೆ ಕೆಡಿಸ್ಕೋಬೇಡ. ನಿನ್ನ ಕೈ ಬೀಸು ನನಗೆ ಹಿಡಿಸ್ತು, ನನ್ನ ಜೊತೆ ಬಾ" ಅಂದ. ನೀನು, "ನನ್ನ ಕಣ್ಣು ಸರಿಯಿಲ್ಲ ಸ್ವಾಮಿ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಅಂದೆ. ನಾನು ಬಾಗಿಲಲ್ಲೇ ಇದ್ದೆ, ಕರಿದ ಬಾಳೆಕಾಯಿ ತಟ್ಟೆ ಹಿಡಿದುಕೊಂಡು. ಒಂದು ಮಾತು ಸಾಕಿತ್ತು. ಅವನು ನಿನ್ನ ಭುಜ ತಟ್ಟಿ ಹೋದ. ನಾನು, "ಬಾಳೆಕಾಯಿ ತಣ್ಣಗಾಗುತ್ತೆ, ತಿನ್ನೋ" ಅಂದೆ.

ಈಗ ನಿನ್ನ ಕಣ್ಣು ನಿಜವಾಗಿ ಹೋಗಿದೆ, ನಿನಗೆ ಆ ಕಿಟಕಿಯ ಬಾಗಿಲನ್ನು ತೋರಿಸಲೂ ಆಗುವುದಿಲ್ಲ. ಕ್ಷಮಿಸು ಅಂತ ಕೇಳಲು ಬರೆದದ್ದಲ್ಲ. ಡಾಕ್ಟರಿಗೆ ಹೇಳು, ಇಪ್ಪತ್ಮೂರನೇ ವಯಸ್ಸಿಗೆ ನಿನ್ನ ಕಣ್ಣು ಚೆನ್ನಾಗಿತ್ತು.

ಕಿಟಕಿ ತೆರೆದಿತ್ತು ಪೋಲ್ದೊ. ಮೂರು ಸಲವೂ. ನೀನು ಕಂಡದ್ದೇ ಸರಿ.